ಶವರ್ ನೀರು ಒಮ್ಮೆ ಸುಡುತ್ತದೆ, ಒಮ್ಮೆ ಕೊರೆಯುತ್ತದೆ: ದೋಷ ಹೀಟರಿನಲ್ಲೋ, ಪೈಪಿನಲ್ಲೋ?

ಎಲೆಕ್ಟ್ರಿಕ್ ಶವರ್ ಕೆಳಗೆ ಸ್ನಾನ ಮಾಡುತ್ತಿರುವಾಗ ಅಡುಗೆಮನೆಯಲ್ಲಿ ಯಾರೋ ನಲ್ಲಿ ತಿರುಗಿಸುತ್ತಾರೆ. ಮೈಮೇಲೆ ಬೀಳುತ್ತಿದ್ದ ಹಿತವಾದ ನೀರು ಇದ್ದಕ್ಕಿದ್ದಂತೆ ಸುಡತೊಡಗುತ್ತದೆ. ಇನ್ನು ಕೆಲವು ಮನೆಗಳಲ್ಲಿ ನೀರು ಸಣ್ಣಗಾಗಿ, ಮರುಗಳಿಗೆಗೆ ಪೂರ್ತಿ ತಣ್ಣಗಾಗಿಬಿಡುತ್ತದೆ. ಎರಡೂ ಸಲ ಬೈಸಿಕೊಳ್ಳುವುದು ಹೀಟರ್. ಕಾಯಿಲ್ ಹೋಗಿದೆ, ಥರ್ಮೋಸ್ಟಾಟ್ ಕೆಟ್ಟಿದೆ ಎಂದು ಹೊಸ ಯೂನಿಟ್ ತಂದು ಕೂರಿಸುತ್ತಾರೆ, ಮಾರನೆಯ ದಿನ ಅದೇ ಕಥೆ. ಇಂಥ ದೂರುಗಳಲ್ಲಿ ಹೀಟರ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿರುವ ಸಾಧ್ಯತೆ ದೊಡ್ಡದು. ಏರುಪೇರಾಗುತ್ತಿರುವುದು ಅದಕ್ಕೆ ಬರುವ ನೀರಿನ ಒತ್ತಡ.

ಹಾಗಾಗಿ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮುಂಚೆ ಒಂದು ಪ್ರಶ್ನೆಗೆ ಉತ್ತರ ಸಿಗಬೇಕು: ಬಿಸಿ ಬದಲಾದಾಗ ನೀರಿನ ಹರಿವೂ ಬದಲಾಯಿತೇ? ಬರೀ ಬಿಸಿಯನ್ನು ಗಮನಿಸುವವರು ಹೀಟರಿನ ಹಿಂದೆ ಬೀಳುತ್ತಾರೆ. ಬಿಸಿ ಮತ್ತು ಹರಿವು ಎರಡನ್ನೂ ಒಟ್ಟಿಗೆ ಗಮನಿಸಿದರೆ ದೋಷ ಎಲ್ಲಿದೆ ಎಂಬುದು ಅರ್ಧ ಗಂಟೆಯೊಳಗೆ ತಾನಾಗಿಯೇ ಹೊರಬೀಳುತ್ತದೆ.

ಒತ್ತಡ ಇಳಿದರೆ ನೀರು ಬಿಸಿಯಾಗುವುದೇಕೆ

ನೀರು ತುಂಬಿಟ್ಟು ಕಾಯಿಸುವ ಗೀಸರಿಗೂ ಎಲೆಕ್ಟ್ರಿಕ್ ಶವರಿಗೂ, ಅಂದರೆ ಹರಿಯುತ್ತಿರುವಾಗಲೇ ನೀರನ್ನು ಕಾಯಿಸುವ ಇನ್‌ಸ್ಟಂಟ್ ಯೂನಿಟ್‌ಗೂ, ಇಲ್ಲೇ ದೊಡ್ಡ ವ್ಯತ್ಯಾಸ. ಇನ್‌ಸ್ಟಂಟ್ ಯೂನಿಟ್‌ನ ಕಾಯಿಲ್ ಒಂದೇ ಸಮನೆ ಅದೇ ಶಾಖವನ್ನು ಕೊಡುತ್ತಿರುತ್ತದೆ. ಆ ಶಾಖ ಎಷ್ಟು ನೀರಿಗೆ ಹಂಚಿಹೋಗುತ್ತದೆ ಎಂಬುದರ ಮೇಲೆ ನೀರಿನ ಬಿಸಿ ನಿಂತಿದೆ. ಲೆಕ್ಕ ಸುಲಭ. ನಿಮಿಷಕ್ಕೆ 1 ಲೀಟರ್ ಹರಿಯುವ ನೀರಿಗೆ 1 ಕಿಲೋವಾಟ್ ಕೊಟ್ಟರೆ ಅದು ಸುಮಾರು 14.3 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯೇರುತ್ತದೆ. ಕಿಲೋವಾಟನ್ನು 14.3ರಿಂದ ಗುಣಿಸಿ, ನಿಮಿಷಕ್ಕೆ ಹರಿಯುವ ಲೀಟರಿನಿಂದ ಭಾಗಿಸಿದರೆ ನೀರು ಎಷ್ಟು ಡಿಗ್ರಿ ಏರುತ್ತದೆ ಎಂಬುದು ಸಿಕ್ಕಿತು.

9 ಕಿಲೋವಾಟ್ ಶವರ್ ಇದೆ, ಒಳಬರುವ ನೀರು 15 ಡಿಗ್ರಿ ಇದೆ ಎಂದುಕೊಳ್ಳಿ. ನಿಮಿಷಕ್ಕೆ 5 ಲೀಟರ್ ಹರಿದರೆ ನೀರು ಸುಮಾರು 26 ಡಿಗ್ರಿ ಏರಿ 41ಕ್ಕೆ ಬರುತ್ತದೆ, ಇದು ಹಿತವಾದ ಸ್ನಾನದ ನೀರು. ಹರಿವು 4 ಲೀಟರಿಗೆ ಇಳಿದರೆ 47 ಡಿಗ್ರಿ, ಆಗ ತಲೆ ಹಿಂದಕ್ಕೆ ಎಳೆದುಕೊಳ್ಳಬೇಕಾಗುತ್ತದೆ. 3 ಲೀಟರಿಗೆ ಇಳಿದರೆ 58. ಒಂದು ನಲ್ಲಿ ತೆರೆದದ್ದಕ್ಕೆ 17 ಡಿಗ್ರಿ ಜಿಗಿತ, ಹೀಟರಿನಲ್ಲಿ ಒಂದೇ ಒಂದು ದೋಷವೂ ಇಲ್ಲದೆ! ಸಣ್ಣ 3 ಕಿಲೋವಾಟ್ ಯೂನಿಟ್‌ಗಳಲ್ಲಿ ಹರಿವೇ ಕಡಿಮೆಯಾದ್ದರಿಂದ ಏರುಪೇರು ಇನ್ನೂ ತೀಕ್ಷ್ಣ. ನಿಮಿಷಕ್ಕೆ 2 ಲೀಟರ್ ಇದ್ದಾಗ 21 ಡಿಗ್ರಿ ಏರುವ ನೀರು, 1 ಲೀಟರಿಗೆ ಇಳಿದಾಗ 43 ಡಿಗ್ರಿ ಏರುತ್ತದೆ.

ಹಾಗಾದರೆ ಒತ್ತಡ ಇಳಿದಾಗ ಕೆಲವರಿಗೆ ನೀರು ತಣ್ಣಗಾಗುವುದು ಹೇಗೆ? ಯೂನಿಟ್ ಒಳಗೆ ನೀರಿನ ಒತ್ತಡವನ್ನೋ ಹರಿವನ್ನೋ ನೋಡಿ ಕಾಯಿಲ್‌ಗೆ ಕರೆಂಟ್ ಬಿಡುವ ಸ್ವಿಚ್ ಇರುತ್ತದೆ. ನೀರು ಒಂದು ಮಟ್ಟಕ್ಕಿಂತ ಕಡಿಮೆಯಾದರೆ ಅದು ಕರೆಂಟ್ ಕಡಿದುಬಿಡುತ್ತದೆ. ನೀರಿಲ್ಲದೆ ಕಾಯಿಲ್ ಸುಟ್ಟುಹೋಗದಿರಲಿ ಎಂದು ಮಾಡಿದ ಏರ್ಪಾಡು ಅದು. ಆಗ ಕೇಸಿಂಗ್ ಒಳಗಿಂದ 'ಟಕ್' ಎಂಬ ಸಣ್ಣ ಸದ್ದು ಕೇಳಿಸುತ್ತದೆ, ಎರಡು ಮೂರು ಸೆಕೆಂಡಿನಲ್ಲಿ ತಣ್ಣೀರು ಬರುತ್ತದೆ. ನಲ್ಲಿ ಮುಚ್ಚಿದೊಡನೆ ಮತ್ತೆ 'ಟಕ್', ಮತ್ತೆ ಬಿಸಿ. ಈ ಸದ್ದಿಗೆ ಕಿವಿಗೊಡುವುದು ಬಹಳ ಉಪಯೋಗಕ್ಕೆ ಬರುತ್ತದೆ.

ಮೂರನೆಯದು ಥರ್ಮಲ್ ಕಟ್‌ಔಟ್, ಅಂದರೆ ನೀರು ಅತಿಯಾಗಿ ಕಾದಾಗ ಕಾಯಿಲ್‌ನ ಕರೆಂಟ್ ಕಡಿಯುವ ಏರ್ಪಾಡು. ಹರಿವು ಸ್ವಿಚ್ ಬೀಳುವಷ್ಟು ಕಡಿಮೆಯಾಗದೆ, ನೀರು ಮಿತಿ ಮೀರಿ ಬಿಸಿಯಾಗುವಷ್ಟು ಮಾತ್ರ ಕಡಿಮೆಯಾದಾಗ ಇದು ಎಚ್ಚೆತ್ತುಕೊಳ್ಳುತ್ತದೆ. ಇದರ ಗುರುತೆಂದರೆ ಮೊದಲು ಸುಡುವ ನೀರು, ಆಮೇಲೆ ತಣ್ಣೀರು, ಸ್ವಲ್ಪ ಹೊತ್ತಿನ ನಂತರ ಮತ್ತೆ ಬಿಸಿ. ನಲ್ಲಿ ಮುಚ್ಚಿದ ತಕ್ಷಣ ಬಿಸಿ ಮರಳುವುದಿಲ್ಲ, ಒಳಗಿನ ತೊಟ್ಟಿ ತಣಿಯಬೇಕು. ಕೆಲವು ಯೂನಿಟ್‌ಗಳಲ್ಲಿ ಕೈಯಿಂದಲೇ ರೀಸೆಟ್ ಮಾಡಬೇಕಾದ ಇಲ್ಲವೇ ಬದಲಿಸಲೇಬೇಕಾದ ಎರಡನೇ ಕಟ್‌ಔಟ್ ಕೂಡ ಇರುತ್ತದೆ.

ನಾಲ್ಕು ಬಗೆಯ ಲಕ್ಷಣ

ಹರಿವು ಕಡಿಮೆಯಾಗಿ ಬಿಸಿ ಏರಿದರೆ ಒತ್ತಡದ ಸಮಸ್ಯೆ, ಅನುಮಾನವೇ ಬೇಡ. ಹರಿವು ಕಡಿಮೆಯಾಗಿ ನೀರು ಪೂರ್ತಿ ತಣ್ಣಗಾದರೂ ಒತ್ತಡದ್ದೇ ಸಮಸ್ಯೆ, ಸ್ವಿಚ್ ಬಿದ್ದಿದೆ ಅಷ್ಟೆ. ಹರಿವು ಜಾಸ್ತಿಯಾಗಿ ನೀರು ಉಗುರುಬೆಚ್ಚಗಾದರೆ ಒತ್ತಡ ಏರಿದೆ ಎಂದರ್ಥ. ಪಂಪ್ ಶುರುವಾದಾಗ, ಅಥವಾ ಬೇರೆಯವರು ಬಳಸುತ್ತಿದ್ದ ನಲ್ಲಿ ಮುಚ್ಚಿದಾಗ ಹೀಗಾಗುತ್ತದೆ.

ಹರಿವು ಒಂದಿಷ್ಟೂ ಬದಲಾಗದೆ ಬಿಸಿ ಮಾತ್ರ ಇಳಿದರೆ ಪೈಪನ್ನು ಬಿಟ್ಟುಬಿಡಿ. ಅದು ವಿದ್ಯುತ್ತಿನ ಕಡೆಯ ದೋಷ: ಎರಡು ಕಾಯಿಲ್‌ಗಳಲ್ಲಿ ಒಂದು ಸತ್ತಿರಬಹುದು, ವೋಲ್ಟೇಜ್ ಬಿದ್ದಿರಬಹುದು, ಸ್ವಿಚ್ಚಿನ ಸಂಪರ್ಕ ಸುಟ್ಟಿರಬಹುದು. ವೋಲ್ಟೇಜಿನ ಪ್ರಭಾವ ಅಂದುಕೊಂಡದ್ದಕ್ಕಿಂತ ದೊಡ್ಡದು, ಏಕೆಂದರೆ ಕಾಯಿಲ್ ಕೊಡುವ ಶಾಖ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. ವೋಲ್ಟೇಜ್ ಶೇ. 10 ಇಳಿದರೆ ಶಾಖ ಶೇ. 19ರಷ್ಟು ಇಳಿಯುತ್ತದೆ. ಒಂದು ಕಾಯಿಲ್ ಸತ್ತಿದೆಯೇ ಎಂದು ತಿಳಿಯಲು ಹೈ ಮತ್ತು ಲೋ ಸೆಟ್ಟಿಂಗ್ ಎರಡರಲ್ಲೂ ಒಂದೇ ಹರಿವಿನಲ್ಲಿ ನೀರು ಬಿಟ್ಟು ನೋಡಿ. ಎರಡರಲ್ಲೂ ಒಂದೇ ಬಿಸಿ ಇದ್ದರೆ ಉತ್ತರ ಸಿಕ್ಕಂತೆಯೇ.

ಕೇಸಿಂಗ್ ತೆಗೆಯುವ ಯಾವ ಕೆಲಸವಿದ್ದರೂ ಮೇನ್ ಬೋರ್ಡಿನಲ್ಲಿ ಆ ಸರ್ಕ್ಯೂಟಿನ ಬ್ರೇಕರ್ ಇಳಿಸಿ, ಟೆಸ್ಟರಿನಿಂದ ಖಚಿತಪಡಿಸಿಕೊಂಡು, ನೀರಿನ ವಾಲ್ವ್ ಮುಚ್ಚಿದ ಮೇಲೆಯೇ ಕೈ ಹಾಕಬೇಕು. 9 ಕಿಲೋವಾಟ್ ಯೂನಿಟ್ 230 ವೋಲ್ಟಿನಲ್ಲಿ ಸುಮಾರು 39 ಆಂಪಿಯರ್ ಎಳೆಯುತ್ತದೆ. ಅದರ ಸಡಿಲ ಸಂಪರ್ಕವೊಂದು ಬೆಂಕಿ ಹಚ್ಚಲು ಸಾಕು. ವೈರಿಂಗ್ ಕೆಲಸ ಎಲೆಕ್ಟ್ರಿಷಿಯನ್‌ಗೇ ಇರಲಿ. ಕೆಳಗೆ ಹೇಳುವ ಪರೀಕ್ಷೆಗಳಿಗೆ ಕೇಸಿಂಗ್ ತೆಗೆಯುವ ಅಗತ್ಯವೇ ಇಲ್ಲ.

ಜಗ್ಗು, ಥರ್ಮಾಮೀಟರ್, ಸೆಕೆಂಡ್ ಮುಳ್ಳು

ಈ ಪರೀಕ್ಷೆಯನ್ನು ನಾನು ಎಲ್ಲಕ್ಕಿಂತ ಮೇಲಿಡುತ್ತೇನೆ. ಬೇಕಾದದ್ದು ಒಂದು ಲೀಟರ್ ಗುರುತಿರುವ ಜಗ್ಗು, 100 ಡಿಗ್ರಿವರೆಗೆ ಓದುವ ಅಡುಗೆ ಥರ್ಮಾಮೀಟರ್, ಸೆಕೆಂಡ್ ತೋರಿಸುವ ಗಡಿಯಾರ ಮತ್ತು ಹೇಳಿದಾಗ ನಲ್ಲಿ ತೆರೆಯಲು ಇನ್ನೊಬ್ಬರು. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಆಗುವುದಿಲ್ಲ.

ಮೊದಲು ಹೀಟರನ್ನು ಆಫ್ ಇಟ್ಟು, ಅಥವಾ ಕೋಲ್ಡ್ ಸೆಟ್ಟಿಂಗಿನಲ್ಲಿಟ್ಟು, ಎರಡು ನಿಮಿಷ ನೀರು ಹರಿಯಬಿಡಿ. ಪೈಪಿನಲ್ಲಿ ನಿಂತಿದ್ದ ನೀರು ಹೋಗಲಿ. ಬಿಸಿಲಿಗೆ ಬಿದ್ದ ಪೈಪಿನಲ್ಲಿ ನಿಂತ ನೀರು ಮೊದಮೊದಲು ಬೆಚ್ಚಗಿರುತ್ತದೆ, ಅದನ್ನು ಅಳೆದರೆ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಆಮೇಲೆ ಒಳಬರುವ ನೀರಿನ ಉಷ್ಣತೆಯನ್ನು ಬರೆದುಕೊಳ್ಳಿ.

ಈಗ ಹೀಟರ್ ಹಾಕಿ, ದಿನನಿತ್ಯ ಬಳಸುವ ಸೆಟ್ಟಿಂಗಿನಲ್ಲೇ ಇಟ್ಟು, ಒಂದು ನಿಮಿಷ ಕಾಯಿರಿ. ಮನೆಯ ಬೇರೆಲ್ಲ ನಲ್ಲಿಗಳೂ ಮುಚ್ಚಿರಲಿ. ಜಗ್ಗಿನಲ್ಲಿ ಒಂದು ಲೀಟರ್ ತುಂಬಲು ಎಷ್ಟು ಸೆಕೆಂಡ್ ಹಿಡಿಯಿತು, ಆ ನೀರಿನ ಉಷ್ಣತೆ ಎಷ್ಟು ಎಂದು ಬರೆಯಿರಿ. 60ನ್ನು ಆ ಸೆಕೆಂಡಿನಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಲೀಟರ್ ಎಂಬುದು ಬರುತ್ತದೆ: 12 ಸೆಕೆಂಡಿಗೆ 5 ಲೀಟರ್, 15ಕ್ಕೆ 4, 20ಕ್ಕೆ 3. ಇನ್ನು ನೆರವಿಗಿರುವವರಿಗೆ ಅಡುಗೆಮನೆಯ ನಲ್ಲಿಯನ್ನು ಪೂರ್ತಿ ತೆರೆಯಲು ಹೇಳಿ, ಅರ್ಧ ನಿಮಿಷ ಬಿಟ್ಟು ಮತ್ತೆ ಅಳೆಯಿರಿ. ಹಾಗೆಯೇ ಫ್ಲಶ್ ಟ್ಯಾಂಕ್ ತುಂಬುವಾಗ ಒಮ್ಮೆ, ವಾಷಿಂಗ್ ಮಷೀನ್ ನೀರೆಳೆಯುವಾಗ ಒಮ್ಮೆ. ಅಳೆಯುವಾಗ ಮೈಯನ್ನು ನೀರಿನಿಂದ ದೂರ ಇಟ್ಟುಕೊಳ್ಳಿ. 60 ಡಿಗ್ರಿ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮವನ್ನು ಆಳವಾಗಿ ಸುಡುತ್ತದೆ, ಮಕ್ಕಳ ಮತ್ತು ವಯಸ್ಸಾದವರ ಚರ್ಮವನ್ನಂತೂ ಇನ್ನೂ ಬೇಗ.

ನಿಜವಾದ ಉತ್ತರ ಇರುವುದು ಮುಂದಿನ ಗುಣಾಕಾರದಲ್ಲಿ. ಪ್ರತಿ ಸಲವೂ ನಿಮಿಷದ ಲೀಟರನ್ನು, ನೀರು ಏರಿದ ಡಿಗ್ರಿಯಿಂದ ಗುಣಿಸಿ. ಮೊದಲ ಸಲ 5 ಲೀಟರ್, 26 ಡಿಗ್ರಿ ಏರಿಕೆ ಎಂದಾದರೆ 130. ನಲ್ಲಿ ತೆರೆದಾಗ 3 ಲೀಟರ್, 43 ಡಿಗ್ರಿ ಏರಿಕೆ ಎಂದಾದರೆ 129. ಎರಡೂ ಹೆಚ್ಚುಕಡಿಮೆ ಒಂದೇ. ಅಂದರೆ ಹೀಟರ್ ಎರಡೂ ಸಲ ಅಷ್ಟೇ ಶಾಖ ಕೊಟ್ಟಿದೆ, ಅದು ನಿರ್ದೋಷಿ. ಗುಣಲಬ್ಧವನ್ನು 14.3ರಿಂದ ಭಾಗಿಸಿ ನೋಡಿ, ಹೀಟರ್ ನಿಜವಾಗಿ ಕೊಡುತ್ತಿರುವ ಕಿಲೋವಾಟ್ ಸಿಗುತ್ತದೆ. 130ಕ್ಕೆ ಸುಮಾರು 9. ಯೂನಿಟ್ ಮೇಲೆ ಬರೆದ ಸಂಖ್ಯೆಗೆ ಇದು ಹತ್ತಿರವಿದ್ದರೆ ಕಾಯಿಲ್ ಬಗ್ಗೆ ಚಿಂತೆ ಬೇಡ. ಅರ್ಧದಷ್ಟೇ ಬಂದರೆ ಒಂದು ಕಾಯಿಲ್ ಸತ್ತಿದೆ. ಮನೆಯ ಜಗ್ಗು, ಥರ್ಮಾಮೀಟರಿನಲ್ಲಿ ಶೇ. 5ರಿಂದ 10ರ ವ್ಯತ್ಯಾಸ ಸಹಜ, ಅದಕ್ಕೆ ತಲೆಕೆಡಿಸಿಕೊಳ್ಳಬೇಕಿಲ್ಲ. ಬಿಸಿಗೆ ತಕ್ಕಂತೆ ತಾನೇ ಶಾಖವನ್ನು ಹೆಚ್ಚುಕಡಿಮೆ ಮಾಡಿಕೊಳ್ಳುವ ಎಲೆಕ್ಟ್ರಾನಿಕ್ ಮಾದರಿಗಳಿಗೆ ಮಾತ್ರ ಈ ಗುಣಾಕಾರ ಹೊಂದುವುದಿಲ್ಲ. ಅವುಗಳಲ್ಲಿ ಗುಣಲಬ್ಧ ಬದಲಾಗುವುದೇ ಸರಿ.

ಈ ಕಾಗದವನ್ನು ಎಸೆಯಬೇಡಿ. ಪ್ಲಂಬರ್ ಬಂದಾಗ 'ನೀರು ಸರಿಯಾಗಿ ಬರುತ್ತಿಲ್ಲ' ಎನ್ನುವುದಕ್ಕೂ 'ಅಡುಗೆಮನೆ ನಲ್ಲಿ ತೆರೆದರೆ 5 ಲೀಟರ್ ಇದ್ದದ್ದು 3ಕ್ಕೆ ಬೀಳುತ್ತದೆ, ಫ್ಲಶ್ ತುಂಬುವಾಗ ಏನೂ ಆಗುವುದಿಲ್ಲ' ಎನ್ನುವುದಕ್ಕೂ ಅಜಗಜಾಂತರ. ಎರಡನೆಯ ಮಾತು ಕೇಳಿದವರು ನೇರ ಆ ಎರಡು ಕವಲುಗಳ ನಡುವಿನ ಪೈಪಿಗೇ ಹೋಗುತ್ತಾರೆ.

ಒತ್ತಡ ಎಲ್ಲಿ ಕಳೆದುಹೋಗುತ್ತಿದೆ

ಪೈಪಿನಲ್ಲಿ ಒತ್ತಡ ಕಳೆದುಹೋಗುವುದು ಹರಿವಿನ ವರ್ಗಕ್ಕೆ ಹತ್ತಿರದ ಪ್ರಮಾಣದಲ್ಲಿ. ಶವರ್ ಒಂದೇ 5 ಲೀಟರ್ ಎಳೆಯುತ್ತಿದ್ದ ಸಾಮಾನ್ಯ ಪೈಪಿನಲ್ಲಿ ಅಡುಗೆಮನೆಯ ನಲ್ಲಿ ಇನ್ನೊಂದು 10 ಲೀಟರ್ ಎಳೆಯತೊಡಗಿದರೆ ಹರಿವು ಮೂರು ಪಟ್ಟಾಗುತ್ತದೆ, ಒತ್ತಡದ ನಷ್ಟ ಒಂಬತ್ತು ಪಟ್ಟಿನ ಕಡೆಗೆ ಹೋಗುತ್ತದೆ. ಮೇಲಿನ ಟ್ಯಾಂಕಿನಿಂದ ಬರುವ ನೀರಿಗೆ ಪ್ರತಿ 10 ಮೀಟರ್ ಎತ್ತರಕ್ಕೆ ಸಿಗುವುದು ಸುಮಾರು 1 ಬಾರ್ ಒತ್ತಡ ಮಾತ್ರ. ಟ್ಯಾಂಕಿನ ನೀರಿನ ಮಟ್ಟ ಶವರ್ ತಲೆಗಿಂತ 3 ಮೀಟರ್ ಮೇಲಿದ್ದರೆ ಕೈಯಲ್ಲಿರುವುದೇ 0.3 ಬಾರ್. ಅಷ್ಟರಲ್ಲಿ ಒಂಬತ್ತು ಪಟ್ಟು ನಷ್ಟವನ್ನು ತಡೆದುಕೊಳ್ಳುವ ಶಕ್ತಿ ಎಲ್ಲಿಂದ ಬರಬೇಕು? ಮೇಲ್ಮಹಡಿಯ ಬಾತ್‌ರೂಮಿನಲ್ಲೇ ಈ ದೂರು ಹೆಚ್ಚು ಕೇಳಿಬರುವುದು ಇದೇ ಕಾರಣಕ್ಕೆ.

ಹುಡುಕಾಟವನ್ನು ಶವರಿನಿಂದ ಶುರುಮಾಡಿ ಹಿಂದಕ್ಕೆ ಹೋಗಬೇಕು. ಶವರ್ ತಲೆಯನ್ನು ಬಿಚ್ಚಿ, ಬರೀ ಹೋಸ್‌ನಿಂದ ಜಗ್ಗು ತುಂಬಿಸಿ ನೋಡಿ. ಹರಿವು ಎದ್ದು ಕಾಣುವಷ್ಟು ಹೆಚ್ಚಿದರೆ ತೂತುಗಳಲ್ಲಿ ಸುಣ್ಣ ಕಟ್ಟಿಕೊಂಡಿದೆ. ವಿನೆಗರಿನಲ್ಲೋ ಸಿಟ್ರಿಕ್ ಆಮ್ಲದ ನೀರಿನಲ್ಲೋ ಕೆಲವು ಗಂಟೆ ನೆನೆಸಿ ಉಜ್ಜಿದರೆ ಬಿಡುತ್ತದೆ. ತಲೆ ಕಟ್ಟಿದ್ದರೆ ಬೇರೆ ನಲ್ಲಿ ತೆರೆಯದಿದ್ದರೂ ನೀರು ಸದಾ ಬಿಸಿಯಾಗಿಯೇ ಇರುತ್ತದೆ ಎಂಬುದನ್ನು ನೆನಪಿಡಿ. ಜತೆಗೆ ಯೂನಿಟ್ ಒಳಗೆ ಒತ್ತಡ ಏರುತ್ತದೆ. ಅನೇಕ ಯೂನಿಟ್‌ಗಳ ಕೆಳಭಾಗದಲ್ಲಿ ಇದಕ್ಕೆಂದೇ ಒಂದು ಒತ್ತಡ ಬಿಡುಗಡೆಯ ಬಿರಡೆ ಇರುತ್ತದೆ. ಒತ್ತಡ ಮಿತಿ ಮೀರಿದಾಗ ಅದು ಹಾರಿಹೋಗಿ ಅಡಿಯಿಂದ ನೀರು ಸುರಿಯುತ್ತದೆ. ಆಗ ಬಿರಡೆ ಬದಲಿಸಿ ಸುಮ್ಮನಾದರೆ ಮತ್ತೆ ಹಾರುತ್ತದೆ, ತಲೆ ಮತ್ತು ಹೋಸ್ ಸ್ವಚ್ಛವಾಗಬೇಕು. ಹೋಸ್‌ನ ಹೊರಗಿನ ಲೋಹದ ಸುರುಳಿ ಚೆನ್ನಾಗಿಯೇ ಕಂಡರೂ ಒಳಗಿನ ರಬ್ಬರ್ ಕೊಳವೆ ತಿರುಚಿಕೊಂಡಿರಬಹುದು. ಅನುಮಾನವಿದ್ದರೆ ಅದನ್ನೂ ಬಿಚ್ಚಿ ಅಳೆಯಿರಿ.

ಮುಂದಿನದು ಯೂನಿಟ್‌ನ ನೀರಿನ ಬಾಯಲ್ಲಿರುವ ಫಿಲ್ಟರ್ ಜಾಲರಿ. ವಾಲ್ವ್ ಮುಚ್ಚಿ, ಬ್ರೇಕರ್ ಇಳಿಸಿ, ಜೋಡಣೆಯ ನಟ್ ಸಡಿಲಿಸಿದರೆ ಬೆರಳ ತುದಿಯಷ್ಟು ಗಾತ್ರದ ಈ ಜಾಲರಿ ಹೊರಬರುತ್ತದೆ. ಬೆಳಕಿಗೆ ಹಿಡಿದು ನೋಡಿ. ಹೊಸದರಲ್ಲಿ ಕಣ್ಣುಗಳೆಲ್ಲ ತೆರೆದಿದ್ದು ಬೆಳಕು ಸಮನಾಗಿ ತೂರಿಬರುತ್ತದೆ. ಕಟ್ಟಿಕೊಂಡದ್ದರಲ್ಲಿ ಅಂಚಿನ ಒಂದು ಸಾಲು ಮಾತ್ರ ತೆರೆದಿರುತ್ತದೆ, ನಡುವೆಲ್ಲ ಮರಳಿನ ಕಣ, ತುಕ್ಕಿನ ಕಂದು ಪುಡಿ, ಥ್ರೆಡ್‌ಗೆ ಸುತ್ತಿದ ಬಿಳಿ ಟೇಪಿನ ಎಳೆ. ಟ್ಯಾಂಕ್ ತೊಳೆದ ಮೇಲೆ ಅಥವಾ ಪ್ಲಂಬಿಂಗ್ ಕೆಲಸವಾದ ಮೇಲೆ ಶವರ್ ಹಾಳಾಯಿತು ಎಂದು ಹೇಳುವವರು ಮೊದಲು ನೋಡಬೇಕಾದದ್ದು ಈ ಜಾಲರಿಯನ್ನೇ. ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಜಾಲರಿಯನ್ನು ತೆಗೆದುಹಾಕಿ ಹಾಗೇ ಜೋಡಿಸಬೇಡಿ, ಆ ಕಸವೆಲ್ಲ ಒಳಗಿನ ವಾಲ್ವಿಗೆ ಹೋಗಿ ಕೂರುತ್ತದೆ.

ಆಮೇಲೆ ವಾಲ್ವ್‌ಗಳು. ಶವರಿನ ಹಿಂದಿನ ಆಂಗಲ್ ವಾಲ್ವ್, ಬಾತ್‌ರೂಮಿನ ವಾಲ್ವ್, ಟ್ಯಾಂಕಿನ ಬುಡದ ವಾಲ್ವ್, ಎಲ್ಲವೂ ಪೂರ್ತಿ ತೆರೆದಿವೆಯೇ? ಇಲ್ಲಿ ಗೇಟ್ ವಾಲ್ವ್ ಬಗ್ಗೆ ವಿಶೇಷ ಎಚ್ಚರ ಬೇಕು. ಹಳೆಯ ಗೇಟ್ ವಾಲ್ವ್‌ನಲ್ಲಿ ಒಳಗಿನ ಗೇಟು ತಿರುಪಿನಿಂದ ಕಳಚಿ ಕೆಳಗೆ ಬಿದ್ದಿರಬಹುದು. ಹಿಡಿಯನ್ನು ತಿರುಗಿಸಿದರೆ ಎಂದಿನಂತೆ ತಿರುಗುತ್ತದೆ, ಪೂರ್ತಿ ತೆರೆದಂತೆಯೇ ಅನಿಸುತ್ತದೆ, ಒಳಗೆ ಮಾತ್ರ ದಾರಿ ಮುಕ್ಕಾಲು ಮುಚ್ಚಿರುತ್ತದೆ. ಗುರುತು ಹಿಡಿಯುವುದು ಹೀಗೆ: ಮುಚ್ಚುವ ಕಡೆ ತಿರುಗಿಸಿದಾಗ ನೀರು ಹಂತಹಂತವಾಗಿ ಕಡಿಮೆಯಾಗಬೇಕು. ಹಿಡಿ ಎಷ್ಟೇ ತಿರುಗಿದರೂ ಹರಿವು ಇದ್ದಂತೆಯೇ ಇದ್ದರೆ ವಾಲ್ವ್ ಸತ್ತಿದೆ. ಅದರ ಜಾಗದಲ್ಲಿ ಕಾಲು ಸುತ್ತಿನ ಬಾಲ್ ವಾಲ್ವ್, ಅದೂ ಪೂರ್ಣ ವ್ಯಾಸದ್ದು, ಹಾಕಿಸಿ.

ಇಷ್ಟೂ ಸರಿಯಿದ್ದು ಶವರ್ ಒಂದೇ ಓಡುವಾಗ ಹರಿವು ಚೆನ್ನಾಗಿದ್ದರೆ, ಬೇರೆ ನಲ್ಲಿ ತೆರೆದಾಗ ಮಾತ್ರ ಬಿದ್ದರೆ, ದೋಷ ಎರಡೂ ಹಂಚಿಕೊಂಡ ಪೈಪಿನಲ್ಲಿದೆ. ಒತ್ತಡ ಮಾಪಕವೊಂದನ್ನು ಹತ್ತಿರದ ನಲ್ಲಿಗೆ ಸಿಕ್ಕಿಸಿದರೆ ಇದು ಇನ್ನೂ ಸ್ಪಷ್ಟ. ನೀರು ಹರಿಯದಿದ್ದಾಗಿನ ಒತ್ತಡ ಮತ್ತು ಹರಿಯುವಾಗಿನ ಒತ್ತಡ ಎರಡನ್ನೂ ಓದಿ. ಮೊದಲನೆಯದು ಚೆನ್ನಾಗಿದ್ದು ಎರಡನೆಯದು ಕುಸಿದರೆ ದಾರಿಯಲ್ಲಿ ಎಲ್ಲೋ ಇಕ್ಕಟ್ಟಿದೆ: ಸಣ್ಣ ಪೈಪು, ತುಕ್ಕು, ಅರ್ಧ ಮುಚ್ಚಿದ ವಾಲ್ವ್. ಮೊದಲನೆಯದೇ ಕಡಿಮೆಯಿದ್ದರೆ ಮೂಲದಲ್ಲೇ ಒತ್ತಡವಿಲ್ಲ, ಪೈಪು ಬದಲಿಸಿ ಪ್ರಯೋಜನವಿಲ್ಲ. ದಿನದ ಕೆಲವು ಗಂಟೆಗಳಲ್ಲಿ ಮಾತ್ರ ಮೊದಲನೆಯದು ಇಳಿದರೆ ಅದು ಹೊರಗಿನ ಸರಬರಾಜಿನ ಏರಿಳಿತ. ಪರೀಕ್ಷೆಯನ್ನು ತೊಂದರೆ ಕಾಣುವ ಹೊತ್ತಿನಲ್ಲೇ ಮಾಡಬೇಕು, ಮಧ್ಯಾಹ್ನದ ಬಿಡುವಿನಲ್ಲಿ ಅಳೆದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಯಾರೂ ನಲ್ಲಿ ತೆರೆಯದಿದ್ದರೂ ಬಿಸಿ ಅಲೆಯಂತೆ ಏರಿಳಿದರೆ

ಇದು ಬೇರೆಯದೇ ಕುರುಹು. ಅರ್ಧ ನಿಮಿಷಕ್ಕೋ ಒಂದು ನಿಮಿಷಕ್ಕೋ ಒಮ್ಮೆ, ಲಯ ತಪ್ಪದೆ, ನೀರು ಬಿಸಿಯಾಗಿ ತಣ್ಣಗಾಗಿ ಮತ್ತೆ ಬಿಸಿಯಾಗುತ್ತಿದ್ದರೆ ಒತ್ತಡ ಹೆಚ್ಚಿಸುವ ಪಂಪನ್ನು ನೋಡಿ. ಒತ್ತಡದ ಸ್ವಿಚ್ ಇರುವ ಪಂಪುಗಳು ಒಂದು ಕೆಳಮಿತಿಗೆ ಇಳಿದಾಗ ಶುರುವಾಗಿ, ಮೇಲ್ಮಿತಿ ಮುಟ್ಟಿದಾಗ ನಿಲ್ಲುತ್ತವೆ. ಉದಾಹರಣೆಗೆ 1.4 ಬಾರ್‌ಗೆ ಶುರು, 2.8ಕ್ಕೆ ನಿಲುಗಡೆ. ಅಂದರೆ ಶವರಿಗೆ ಸಿಗುವ ಒತ್ತಡ ಪ್ರತಿ ಸುತ್ತಿನಲ್ಲೂ ದುಪ್ಪಟ್ಟಾಗಿ ಅರ್ಧವಾಗುತ್ತಿದೆ. ಜತೆಗಿರುವ ಒತ್ತಡದ ಟ್ಯಾಂಕಿನಲ್ಲಿ ಸಾಕಷ್ಟು ಗಾಳಿಯಿದ್ದರೆ ಈ ಏರಿಳಿತ ನಿಧಾನ. ಒಳಗಿನ ಚೀಲ ಹರಿದು ಟ್ಯಾಂಕ್ ನೀರಿನಿಂದ ತುಂಬಿಹೋದರೆ ಪಂಪ್ ಕೆಲವೇ ಸೆಕೆಂಡಿಗೊಮ್ಮೆ ಶುರುವಾಗಿ ನಿಲ್ಲುತ್ತದೆ, ಶವರ್ ಹುಚ್ಚೆದ್ದು ಕುಣಿಯುತ್ತದೆ. ಪಂಪನ್ನು ಆಫ್ ಮಾಡಿ, ನಲ್ಲಿ ತೆರೆದು ನೀರನ್ನು ಪೂರ್ತಿ ಬಸಿದು, ಟ್ಯಾಂಕಿನ ಗಾಳಿ ಬಾಯಲ್ಲಿ ಟೈರ್ ಗೇಜ್ ಇಟ್ಟು ಅಳೆಯಿರಿ. ಗಾಳಿಯ ಒತ್ತಡ ಪಂಪ್ ಶುರುವಾಗುವ ಮಟ್ಟಕ್ಕಿಂತ ಸುಮಾರು 0.14 ಬಾರ್ ಕಡಿಮೆ ಇರಬೇಕು. ಗಾಳಿಯ ಬಾಯಿಂದ ನೀರೇ ಬಂದರೆ ಚೀಲ ಹರಿದಿದೆ. ಹರಿವಿಗೆ ತಕ್ಕಂತೆ ವೇಗ ಬದಲಿಸಿಕೊಳ್ಳುವ ಪಂಪುಗಳಲ್ಲಿ ಈ ಕಾಟ ಬಹುಮಟ್ಟಿಗೆ ಇರುವುದಿಲ್ಲ.

ನೀರು ಗೊರಗೊರ ಎಂದು ಉಗುಳುತ್ತಾ ಬಂದರೆ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿದೆ. ಟ್ಯಾಂಕ್ ಬರಿದಾಗಿ ತುಂಬಿದ ಮೇಲೆ ಹೀಗಾಗುವುದು ಸಾಮಾನ್ಯ. ಹೀಟರ್ ಆಫ್ ಇಟ್ಟು ಗಾಳಿ ಪೂರ್ತಿ ಹೋಗುವವರೆಗೆ ನೀರು ಬಿಡಿ.

ಯೂನಿಟ್‌ನ ಒಳಗಿನ ಸ್ಥಿರಕಾರಿ ವಾಲ್ವ್

ಉತ್ತಮ ಎಲೆಕ್ಟ್ರಿಕ್ ಶವರುಗಳಲ್ಲಿ ಒತ್ತಡ ಬದಲಾದರೂ ಹರಿವನ್ನು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಹಿಡಿದಿಡುವ ವಾಲ್ವ್ ಇರುತ್ತದೆ. ಅದು ಕೆಲಸ ಮಾಡಬೇಕಾದರೆ ಬರುವ ಒತ್ತಡ ಒಂದು ಕನಿಷ್ಠ ಮಟ್ಟದ ಮೇಲಿರಬೇಕು. ಆ ಸಂಖ್ಯೆ ಯೂನಿಟ್‌ನ ಕೈಪಿಡಿಯಲ್ಲಿ 'ಕನಿಷ್ಠ ಹರಿವಿನ ಒತ್ತಡ' ಎಂದು ಇರುತ್ತದೆ, ಸುಮಾರು 1 ಬಾರ್ ಆಸುಪಾಸು ಕೇಳುವ ಮಾದರಿಗಳು ಹಲವು. ನೇರ ಒತ್ತಡದ ಸರಬರಾಜಿಗೆಂದು ಮಾಡಿದ ಇಂಥ ಯೂನಿಟ್ಟನ್ನು 3 ಮೀಟರ್ ಮೇಲಿನ ಟ್ಯಾಂಕಿಗೆ ಜೋಡಿಸಿದರೆ ಆ ವಾಲ್ವ್ ಒಂದು ದಿನವೂ ಕೆಲಸ ಮಾಡುವುದಿಲ್ಲ. ಅದು ದೋಷವಲ್ಲ, ತಪ್ಪು ಆಯ್ಕೆ. ಕೊಳ್ಳುವ ಮುಂಚೆ ನೋಡಬೇಕಾದದ್ದು ಕಿಲೋವಾಟಿಗಿಂತ ಮೊದಲು ಈ ಸಂಖ್ಯೆಯನ್ನು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಒತ್ತಡ ಆ ಕನಿಷ್ಠದ ಮೇಲೆಯೇ ಇದ್ದು, ಮೊದಲು ಸರಿಯಿದ್ದ ಶವರ್ ಈಚೆಗೆ ಸಣ್ಣ ಏರಿಳಿತಕ್ಕೂ ಬಿಸಿ ಬದಲಿಸುತ್ತಿದ್ದರೆ ಈ ವಾಲ್ವಿನ ಡಯಾಫ್ರಂ, ಅಂದರೆ ಒಳಗಿನ ರಬ್ಬರ್ ಪೊರೆ, ಗಟ್ಟಿಯಾಗಿರಬಹುದು, ಇಲ್ಲವೇ ಸುಣ್ಣ ಹಿಡಿದು ಅಂಟಿಕೊಂಡಿರಬಹುದು. ಗಡಸು ನೀರಿನಲ್ಲಿ ಇದು ಸಾಮಾನ್ಯ. ಬಿಡಿಭಾಗವಾಗಿ ಸಿಗುವ ಮಾದರಿಗಳಲ್ಲಿ ವಾಲ್ವ್ ಮಾತ್ರ ಬದಲಿಸಬಹುದು.

ತಣ್ಣೀರು ಬೆರೆಸುವ ಮಿಕ್ಸರ್: ಕಾಣದ ಬಲೆ

ಇನ್‌ಸ್ಟಂಟ್ ಯೂನಿಟ್‌ನಿಂದ ಬರುವ ಬಿಸಿನೀರಿಗೆ ಮಿಕ್ಸರ್ ನಲ್ಲಿಯಲ್ಲಿ ತಣ್ಣೀರು ಬೆರೆಸುವವರು ಬಹಳ ಮಂದಿ. ಇದರಿಂದ ತೊಂದರೆ ಬಿಗಡಾಯಿಸುವುದು ಹೇಗೆ ನೋಡಿ. ನೀರು ಬಿಸಿ ಎನಿಸಿತು, ತಣ್ಣೀರಿನ ಕಡೆ ತಿರುಗಿಸಿದಿರಿ. ಆಗ ಹೀಟರ್ ಮೂಲಕ ಬರುವ ನೀರು ಕಡಿಮೆಯಾಯಿತು, ಬಂದದ್ದು ಇನ್ನೂ ಬಿಸಿಯಾಯಿತು. ಇನ್ನಷ್ಟು ತಿರುಗಿಸಿದಿರಿ, ಹೀಟರಿನ ಹರಿವು ಸ್ವಿಚ್ಚಿನ ಮಿತಿಗಿಂತ ಕೆಳಗೆ ಬಿತ್ತು, 'ಟಕ್', ಪೂರ್ತಿ ತಣ್ಣೀರು. ಹಿಂದಕ್ಕೆ ತಿರುಗಿಸಿದಿರಿ, ಒಳಗೆ ನಿಂತು ಕಾದಿದ್ದ ನೀರು ಮೊದಲು ಮೈಮೇಲೆ ಬಿತ್ತು. ಇಂಥ ಜೋಡಣೆಯಲ್ಲಿ ಮನೆಯ ಒತ್ತಡ ಸ್ವಲ್ಪ ಅಲುಗಿದರೂ ಸಾಕು, ಈ ಆಟ ತಾನೇ ಶುರುವಾಗುತ್ತದೆ. ಇನ್‌ಸ್ಟಂಟ್ ಯೂನಿಟ್‌ನಲ್ಲಿ ಬಿಸಿಯನ್ನು ಸರಿಪಡಿಸಬೇಕಾದದ್ದು ಹೀಟರ್ ಮೂಲಕ ಹರಿಯುವ ಒಟ್ಟು ನೀರನ್ನು ಹೆಚ್ಚುಕಡಿಮೆ ಮಾಡಿ, ಅಥವಾ ಶಾಖದ ಸೆಟ್ಟಿಂಗ್ ಬದಲಿಸಿ. ಮಿಕ್ಸರಿನ ತಣ್ಣೀರನ್ನು ಪೂರ್ತಿ ಮುಚ್ಚಿ ಒಂದು ವಾರ ಬಳಸಿ ನೋಡಿ, ಎಷ್ಟೋ ಮನೆಗಳಲ್ಲಿ ಅಷ್ಟರಿಂದಲೇ ತೊಂದರೆ ತಗ್ಗುತ್ತದೆ.

ಸರಿಪಡಿಸುವ ದಾರಿ

ಸ್ವಚ್ಛಗೊಳಿಸುವುದು, ಸತ್ತ ವಾಲ್ವ್ ಬದಲಿಸುವುದು ಮೊದಲು. ಅದಾದ ಮೇಲೆ ನಾನು ಯಾವಾಗಲೂ ಹೇಳುವುದು ಬೇರೆ ನಲ್ಲಿಗಳ ಹಸಿವನ್ನು ಕಡಿಮೆ ಮಾಡಿ ಎಂದು. ವಾಷಿಂಗ್ ಮಷೀನ್ ಮತ್ತು ಫ್ಲಶ್ ಟ್ಯಾಂಕಿನ ವಾಲ್ವನ್ನು ಅರ್ಧ ಮುಚ್ಚಿದರೆ ಅವು ತುಂಬಲು ಸ್ವಲ್ಪ ಹೆಚ್ಚು ಹೊತ್ತು ಹಿಡಿಯುತ್ತದೆ, ಅಷ್ಟೇ ನಷ್ಟ. ಅಡುಗೆಮನೆಯ ನಲ್ಲಿಗೆ ಹರಿವು ಮಿತಿಗೊಳಿಸುವ ಏರೇಟರ್ ಹಾಕಿ. ಒತ್ತಡದ ನಷ್ಟ ಹರಿವಿನ ವರ್ಗಕ್ಕೆ ತಕ್ಕಂತೆ ಇರುವುದರಿಂದ, ಬೇರೆ ನಲ್ಲಿಯ 10 ಲೀಟರನ್ನು 5ಕ್ಕೆ ಇಳಿಸಿದರೆ ಹಂಚಿಕೊಂಡ ಪೈಪಿನ ನಷ್ಟ ಅರ್ಧಕ್ಕಿಂತಲೂ ಕೆಳಗೆ ಬರುತ್ತದೆ. ಖರ್ಚು ಏನೂ ಇಲ್ಲ ಎನ್ನುವಷ್ಟು, ಫಲ ಅದೇ ಕ್ಷಣ.

ಅದರಿಂದಲೂ ಆಗದಿದ್ದರೆ ಶವರಿಗೆ ಪ್ರತ್ಯೇಕ ಪೈಪು. ಟ್ಯಾಂಕಿನಿಂದಲೇ ಅಥವಾ ಮುಖ್ಯ ಪೈಪು ಮನೆಯೊಳಗೆ ಬರುವ ಜಾಗದಿಂದಲೇ ಕವಲು ತೆಗೆದರೆ ಬೇರೆ ನಲ್ಲಿಗಳ ಜತೆ ಹಂಚಿಕೊಳ್ಳುವ ದಾರಿ ಉಳಿಯುವುದಿಲ್ಲ. ಪ್ರತ್ಯೇಕ ಪೈಪು ಕಷ್ಟವಾದಲ್ಲಿ ಹಂಚಿಕೊಂಡ ಭಾಗವನ್ನಾದರೂ ದಪ್ಪ ಮಾಡಿಸಿ. ಒಳವ್ಯಾಸ ಸ್ವಲ್ಪ ಹೆಚ್ಚಿದರೂ ನಷ್ಟ ಬಹಳ ಇಳಿಯುತ್ತದೆ, ಸುಮಾರಾಗಿ ವ್ಯಾಸದ ಐದನೇ ಘಾತಕ್ಕೆ ತಕ್ಕಂತೆ. ವ್ಯಾಸ ಒಂದೂವರೆ ಪಟ್ಟಾದರೆ ಅದೇ ಹರಿವಿಗೆ ನಷ್ಟ ಏಳರಲ್ಲಿ ಒಂದು ಭಾಗಕ್ಕೆ ಬರುತ್ತದೆ.

ಒತ್ತಡ ಮೂಲದಲ್ಲಿ ಹೆಚ್ಚಿದ್ದು ಅತ್ತಿತ್ತ ತೂಗಾಡುತ್ತಿದ್ದರೆ ಒತ್ತಡ ತಗ್ಗಿಸುವ ವಾಲ್ವ್ ಒಳ್ಳೆಯ ಉಪಾಯ. 2ರಿಂದ 4 ಬಾರ್ ನಡುವೆ ಓಲಾಡುವ ನೀರನ್ನು ಅದು 1.5ಕ್ಕೆ ಕಟ್ಟಿ ನಿಲ್ಲಿಸಬಲ್ಲದು. ಆದರೆ ಬರುವ ಒತ್ತಡ ಅದರ ಸೆಟ್ಟಿಂಗ್‌ಗಿಂತ ಕೆಳಗಿಳಿದರೆ ಅದಕ್ಕೆ ಮಾಡಲು ಏನೂ ಉಳಿಯುವುದಿಲ್ಲ. ಕಡಿಮೆ ಒತ್ತಡದ ಮನೆಗೆ ಇದನ್ನು ಹಾಕಿಸುವುದು ಹಣ ದಂಡ. ಅಲ್ಲಿ ಬೇಕಾದದ್ದು ಟ್ಯಾಂಕಿನಿಂದ ನೀರೆಳೆಯುವ ಪಂಪ್, ಅಥವಾ ಕಡಿಮೆ ಒತ್ತಡಕ್ಕೆಂದೇ ಮಾಡಿದ ಶವರ್, ಅಥವಾ ತುಂಬಿಟ್ಟು ಕಾಯಿಸುವ ಗೀಸರ್. ಹೊರಗಿನ ಸರಬರಾಜು ಪೈಪಿಗೆ ನೇರವಾಗಿ ಪಂಪ್ ಜೋಡಿಸಬೇಡಿ. ಅಕ್ಕಪಕ್ಕದವರ ನೀರನ್ನು ಎಳೆಯುವುದಲ್ಲದೆ, ಪೈಪಿನಲ್ಲಿ ಎಲ್ಲಾದರೂ ಬಿರುಕಿದ್ದರೆ ಹೊರಗಿನ ಕೊಳೆಯನ್ನೂ ಒಳಗೆಳೆಯುತ್ತದೆ.

ಶಾಖವನ್ನೇ ಹರಿವಿಗೆ ತಕ್ಕಂತೆ ಹೊಂದಿಸಿಕೊಳ್ಳುವ ಎಲೆಕ್ಟ್ರಾನಿಕ್ ಶವರ್ ಸುಡುವ ಅಪಾಯವನ್ನು ನಿಜವಾಗಿಯೂ ತಗ್ಗಿಸುತ್ತದೆ. ಮಕ್ಕಳು, ವಯಸ್ಸಾದವರು ಬಳಸುವ ಬಾತ್‌ರೂಮಿಗೆ ನಾನು ಅದನ್ನೇ ಸೂಚಿಸುತ್ತೇನೆ. ಆದರೂ ಹರಿವು ಕನಿಷ್ಠಕ್ಕಿಂತ ಕೆಳಗೆ ಬಿದ್ದರೆ ಅದೂ ತಣ್ಣೀರನ್ನೇ ಕೊಡುತ್ತದೆ.

ಥರ್ಮಲ್ ಕಟ್‌ಔಟ್ ಪದೇಪದೇ ಬೀಳುತ್ತದೆ ಎಂದು ಅದನ್ನು ವೈರ್ ಹಾಕಿ ಬೈಪಾಸ್ ಮಾಡುವವರಿದ್ದಾರೆ. ದಯವಿಟ್ಟು ಬೇಡ. ಸುಡುವ ನೀರಿಗೂ ಮೈಗೂ ನಡುವೆ ಉಳಿದಿರುವ ಕೊನೆಯ ತಡೆ ಅದೊಂದೇ. ಅದು ಬೀಳುತ್ತಿದೆ ಎಂದರೆ ಹರಿವು ಕಡಿಮೆಯಿದೆ ಎಂದು ಹೇಳುತ್ತಿದೆ. ಪ್ರೆಶರ್ ಸ್ವಿಚ್ಚಿನ ವಿಷಯವೂ ಅಷ್ಟೇ.

ರಿಪೇರಿಯಾದ ಮೇಲೆ ಅದೇ ಜಗ್ಗು, ಅದೇ ಸೆಟ್ಟಿಂಗ್, ಅದೇ ಹೊತ್ತಿನಲ್ಲಿ ಇನ್ನೊಮ್ಮೆ ಅಳೆದು ಹಳೆಯ ಸಂಖ್ಯೆಗಳ ಪಕ್ಕದಲ್ಲಿ ಬರೆಯಿರಿ. ಅಡುಗೆಮನೆಯ ನಲ್ಲಿ ತೆರೆದಾಗ ಹರಿವು ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಇಳಿಯದಿದ್ದರೆ ಬಿಸಿ ಏರುವುದು 2–3 ಡಿಗ್ರಿಯಷ್ಟೇ, ಅದು ಮೈಗೆ ಅಷ್ಟಾಗಿ ತಿಳಿಯದು. ಚಳಿಗಾಲದಲ್ಲಿ ಮಾತ್ರ ಮತ್ತೊಮ್ಮೆ ಅಳೆಯಬೇಕಾಗುತ್ತದೆ. ಒಳಬರುವ ನೀರು 10 ಡಿಗ್ರಿ ತಣ್ಣಗಾದರೆ ಅದೇ ಸ್ನಾನದ ಬಿಸಿಗೆ ಹರಿವನ್ನು ತಗ್ಗಿಸಬೇಕು. ಹರಿವು ತಗ್ಗಿಸಿದಷ್ಟೂ ಯೂನಿಟ್ ಸ್ವಿಚ್ ಬೀಳುವ ಮಿತಿಗೆ ಹತ್ತಿರವಾಗುತ್ತದೆ, ಬೇಸಿಗೆಯಲ್ಲಿ ಗೊತ್ತೇ ಆಗದಿದ್ದ ಸಣ್ಣ ಒತ್ತಡ ಕುಸಿತವೂ ಆಗ ತಣ್ಣೀರು ಸುರಿಸಲು ಸಾಕಾಗುತ್ತದೆ.